ಸೋಡಿಯಂ-ಅಯಾನು ಬ್ಯಾಟರಿಗಳ ಮರುಸಂಸ್ಕರಣೆ

ಸೋಡಿಯಂ-ಅಯಾನು ಬ್ಯಾಟರಿಗಳ ಮರುಸಂಸ್ಕರಣೆ ಎಂದರೆ ಬಾಳಿಕೆ ಮುಗಿದ ಸೋಡಿಯಂ-ಅಯಾನು ಬ್ಯಾಟರಿಗಳನ್ನು ಸಂಗ್ರಹಿಸಿ, ಉಳಿದ ಚಾರ್ಜ್ ಇಳಿಸಿ, ಬಿಚ್ಚಿ, ಅವುಗಳಲ್ಲಿರುವ ಅಲ್ಯೂಮಿನಿಯಂ, ಇಂಗಾಲ, ಲೋಹದ ಸಂಯುಕ್ತಗಳು, ಸೋಡಿಯಂ ಲವಣಗಳು ಮತ್ತು ದ್ರಾವಕಗಳನ್ನು ಮತ್ತೆ ಕಚ್ಚಾವಸ್ತುವಾಗಿ ಪಡೆಯುವ ಕ್ರಮ. ಲಿಥಿಯಂ-ಅಯಾನು ಬ್ಯಾಟರಿಗಳಲ್ಲಿ ಕೋಬಾಲ್ಟ್, ನಿಕೆಲ್ ಮತ್ತು ತಾಮ್ರದ ಬೆಲೆಯೇ ಈ ಕೆಲಸದ ಖರ್ಚನ್ನು ಬಹುಪಾಲು ತುಂಬಿಕೊಡುತ್ತದೆ. ಸೋಡಿಯಂ-ಅಯಾನು ಬ್ಯಾಟರಿಯ ಹೆಚ್ಚಿನ ವಸ್ತುಗಳು ಅಗ್ಗದವು. ಆದ್ದರಿಂದ ಇದರ ಮರುಸಂಸ್ಕರಣೆಗೆ ಕಡಿಮೆ ಶಾಖ, ಕಡಿಮೆ ರಾಸಾಯನಿಕ ಬಳಸುವ ವಿಧಾನಗಳೂ ಕಾನೂನಿನ ಹೊಣೆಗಾರಿಕೆಯೂ ಆಧಾರವಾಗಿವೆ.

ಪರಿಭಾಷೆ

ಬ್ಯಾಟರಿಯನ್ನು ಹಾಗೆಯೇ ಬೇರೊಂದು ಕೆಲಸಕ್ಕೆ ಹಚ್ಚುವುದು ಮರುಬಳಕೆ. ವಾಹನದಿಂದ ತೆಗೆದ ಬ್ಯಾಟರಿಯಲ್ಲಿ ಸೌರವಿದ್ಯುತ್ತನ್ನು ಕೂಡಿಡುವುದು ಇದಕ್ಕೆ ಉದಾಹರಣೆ. ಬ್ಯಾಟರಿಯನ್ನು ಒಡೆದು ಅದರ ವಸ್ತುಗಳನ್ನು ಪಡೆಯುವುದು ಮರುಸಂಸ್ಕರಣೆ. ಡಿಸ್ಚಾರ್ಜ್ ಆಗುವಾಗ ಸೋಡಿಯಂ ಅಯಾನುಗಳನ್ನು ಬಿಟ್ಟುಕೊಡುವ ಭಾಗ ಋಣ ವಿದ್ಯುದ್ವಾರ, ಅವುಗಳನ್ನು ಸೇರಿಸಿಕೊಳ್ಳುವ ಭಾಗ ಧನ ವಿದ್ಯುದ್ವಾರ. ಎರಡರ ನಡುವೆ ಅಯಾನುಗಳನ್ನು ಸಾಗಿಸುವ ದ್ರವ ವಿದ್ಯುದ್ವಿಭಾಜ್ಯ. ಬ್ಯಾಟರಿಯನ್ನು ಪುಡಿಮಾಡಿ, ಲೋಹದ ಚೂರು ಮತ್ತು ಪ್ಲಾಸ್ಟಿಕ್ಕನ್ನು ಬೇರ್ಪಡಿಸಿದ ಮೇಲೆ ಉಳಿಯುವ ವಿದ್ಯುದ್ವಾರ ವಸ್ತುಗಳ ಮಿಶ್ರಣಕ್ಕೆ ಕಪ್ಪು ಪುಡಿ ಎಂದು ಹೆಸರು.

ಹಿನ್ನೆಲೆ

ಸೋಡಿಯಂ ಮತ್ತು ಲಿಥಿಯಂ ಅಯಾನುಗಳನ್ನು ಪದರ ರಚನೆಯ ವಸ್ತುಗಳಲ್ಲಿ ಸೇರಿಸಿ ತೆಗೆಯುವ ಸಂಶೋಧನೆ 1970 ಮತ್ತು 1980ರ ದಶಕಗಳಲ್ಲಿ ಜೊತೆಜೊತೆಯಾಗಿಯೇ ನಡೆಯಿತು. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ-ಅಯಾನು ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಸೋಡಿಯಂ ಹಿಂದೆ ಬಿದ್ದಿತು. ಲಿಥಿಯಂ ಬ್ಯಾಟರಿಯ ಗ್ರಾಫೈಟಿನಲ್ಲಿ ಸೋಡಿಯಂ ಅಯಾನು ಸಾಕಷ್ಟು ನೆಲೆಗೊಳ್ಳದಿರುವುದು ಇದಕ್ಕೆ ಒಂದು ಕಾರಣ. 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ಅವರು ಹಾರ್ಡ್ ಕಾರ್ಬನ್ ಎಂಬ ಅಸ್ತವ್ಯಸ್ತ ರಚನೆಯ ಇಂಗಾಲದಲ್ಲಿ ಸೋಡಿಯಂ ಸೇರಿಕೊಳ್ಳುವುದನ್ನು ತೋರಿಸಿದರು. 2011ರಲ್ಲಿ ಬ್ರಿಟನ್ನಿನಲ್ಲಿ ಫ್ಯಾರಡಿಯನ್ ಕಂಪನಿ ಆರಂಭವಾಯಿತು. 2021ರ ಜುಲೈಯಲ್ಲಿ ಚೀನಾದ ಸಿಎಟಿಎಲ್ ಕಂಪನಿ ಕಿಲೋಗ್ರಾಮಿಗೆ 160 ವ್ಯಾಟ್-ಗಂಟೆ ಸಾಮರ್ಥ್ಯದ ಸೋಡಿಯಂ ಕೋಶವನ್ನು ಪ್ರಕಟಿಸಿತು. ಫ್ಯಾರಡಿಯನ್ನನ್ನು ಭಾರತದ ರಿಲಯನ್ಸ್ ನ್ಯೂ ಎನರ್ಜಿ ಖರೀದಿಸುವ ಒಪ್ಪಂದ ಅದೇ ವರ್ಷದ ಕೊನೆಯಲ್ಲಿ ಆಯಿತು.

ಈ ಬ್ಯಾಟರಿಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 2020ರ ನಂತರ. ಸಾವಿರಾರು ಸಲ ಚಾರ್ಜ್ ಆಗಬಲ್ಲ ಬ್ಯಾಟರಿ ಹತ್ತು ವರ್ಷಕ್ಕೂ ಹೆಚ್ಚು ಬಾಳುವುದರಿಂದ ಮರುಸಂಸ್ಕರಣೆಗೆ ಮೊದಲು ಬರುವ ಸರಕು ತಯಾರಿಕೆಯ ಹಂತದಲ್ಲೇ ತಿರಸ್ಕೃತವಾದ ಕೋಶಗಳು ಮತ್ತು ವಿದ್ಯುದ್ವಾರದ ಕತ್ತರಿಕೆ ಚೂರುಗಳು.

ರಚನೆ ಮತ್ತು ಘಟಕಗಳು

ಸೋಡಿಯಂ-ಅಯಾನು ಕೋಶದ ರಚನೆ ಲಿಥಿಯಂ-ಅಯಾನು ಕೋಶದಂತೆಯೇ ಇದ್ದರೂ ಒಂದು ಮುಖ್ಯ ವ್ಯತ್ಯಾಸವಿದೆ. ಲಿಥಿಯಂ ಕೋಶದಲ್ಲಿ ಋಣ ವಿದ್ಯುದ್ವಾರದ ಸಂಗ್ರಾಹಕ ಹಾಳೆ ತಾಮ್ರದ್ದು. ಲಿಥಿಯಂ ಅಲ್ಯೂಮಿನಿಯಮ್ಮಿನೊಂದಿಗೆ ಮಿಶ್ರಲೋಹವಾಗಿ ಹಾಳೆಯನ್ನು ಕೆಡಿಸುವುದೇ ಇದಕ್ಕೆ ಕಾರಣ. ಸೋಡಿಯಂ ಹಾಗೆ ಬೆರೆಯುವುದಿಲ್ಲ. ಹೀಗಾಗಿ ಸೋಡಿಯಂ ಕೋಶದಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ಹಾಳೆಯನ್ನೇ ಬಳಸಬಹುದು.

ಧನ ವಿದ್ಯುದ್ವಾರದ ವಸ್ತುಗಳಲ್ಲಿ ಮೂರು ಮುಖ್ಯ ಬಗೆಗಳಿವೆ.

1. ಪದರ ಆಕ್ಸೈಡುಗಳು: ಸೋಡಿಯಂ ಜೊತೆಗೆ ನಿಕೆಲ್, ಕಬ್ಬಿಣ, ಮ್ಯಾಂಗನೀಸ್ ಇರುವ ಆಕ್ಸೈಡು ಇದರ ಪ್ರಮುಖ ಮಾದರಿ. ಮೂರೂ ಲೋಹಗಳು ಸಮ ಪ್ರಮಾಣದಲ್ಲಿದ್ದರೆ ತೂಕದಲ್ಲಿ ಸೋಡಿಯಂ ಸುಮಾರು ಶೇ 21, ನಿಕೆಲ್ ಶೇ 17.5, ಕಬ್ಬಿಣ ಮತ್ತು ಮ್ಯಾಂಗನೀಸ್ ತಲಾ ಶೇ 16ರಿಂದ 17ರಷ್ಟು ಇರುತ್ತವೆ. ನಿಕೆಲ್ ಬದಲು ತಾಮ್ರ ಸೇರಿಸಿದ ಬಗೆಗಳೂ ಇವೆ.

2. ಬಹುಪರಮಾಣು ಋಣ ಅಯಾನು ಸಂಯುಕ್ತಗಳು: ಫಾಸ್ಫೇಟ್, ಪೈರೋಫಾಸ್ಫೇಟ್, ಸಲ್ಫೇಟ್ ಗುಂಪುಗಳಿರುವ ಸಂಯುಕ್ತಗಳಿವು. ಸೋಡಿಯಂ ವನಾಡಿಯಂ ಫಾಸ್ಫೇಟಿನಲ್ಲಿ ವನಾಡಿಯಂ ಸುಮಾರು ಶೇ 22. ಸೋಡಿಯಂ ಕಬ್ಬಿಣ ಫಾಸ್ಫೇಟ್-ಪೈರೋಫಾಸ್ಫೇಟಿನಲ್ಲಿ ಕಬ್ಬಿಣ ಸುಮಾರು ಶೇ 27, ರಂಜಕ ಶೇ 20.

3. ಪ್ರಷ್ಯನ್ ನೀಲಿ ವರ್ಗದ ಸಂಯುಕ್ತಗಳು: ಕಬ್ಬಿಣ ಮತ್ತು ಸಯನೈಡ್ ಗುಂಪುಗಳು ಜಾಲದಂತೆ ಹೆಣೆದ ರಚನೆ ಇವುಗಳದು. ಸೋಡಿಯಂ ಪೂರ್ತಿ ತುಂಬಿದ, ನೀರಿನಂಶವಿಲ್ಲದ ಪ್ರಷ್ಯನ್ ಬಿಳಿಯಲ್ಲಿ ತೂಕದ ಸುಮಾರು ಅರ್ಧ ಭಾಗ ಸಯನೈಡ್ ಗುಂಪಿನದು.

ಋಣ ವಿದ್ಯುದ್ವಾರ ಸಾಮಾನ್ಯವಾಗಿ ಹಾರ್ಡ್ ಕಾರ್ಬನ್. ವಿದ್ಯುದ್ವಿಭಾಜ್ಯವು ಕಾರ್ಬೊನೇಟ್ ದ್ರಾವಕಗಳಲ್ಲಿ ಕರಗಿಸಿದ ಸೋಡಿಯಂ ಹೆಕ್ಸಾಫ್ಲೋರೊಫಾಸ್ಫೇಟ್ ಅಥವಾ ಸೋಡಿಯಂ ಪರ್ಕ್ಲೋರೇಟ್. ವಿದ್ಯುದ್ವಾರಗಳ ನಡುವಿನ ಪೊರೆ ಪಾಲಿಪ್ರೊಪಿಲೀನ್ ಇಲ್ಲವೆ ಪಾಲಿಎಥಿಲೀನಿನದು. ಪುಡಿಯನ್ನು ಹಾಳೆಗೆ ಹಿಡಿಸುವ ಬಂಧಕವಾಗಿ ನೀರಿನಲ್ಲಿ ಕರಗುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಫ್ಲೋರಿನ್ ಇರುವ ಪಾಲಿವಿನೈಲಿಡೀನ್ ಫ್ಲೋರೈಡನ್ನು ಬಳಸುತ್ತಾರೆ. ಮರುಸಂಸ್ಕರಣೆ ಸುಲಭವೋ ಕಷ್ಟವೋ ಎಂಬುದನ್ನು ಈ ಬಂಧಕದ ಆಯ್ಕೆ ಬಹುಮಟ್ಟಿಗೆ ನಿರ್ಧರಿಸುತ್ತದೆ.

ವಸ್ತುಗಳ ಮೌಲ್ಯ

ಭೂಚಿಪ್ಪಿನಲ್ಲಿ ಸೋಡಿಯಂ ಶೇ 2ಕ್ಕೂ ಹೆಚ್ಚು. ಲಿಥಿಯಂ ಹತ್ತು ಲಕ್ಷ ಭಾಗದಲ್ಲಿ ಸುಮಾರು 20 ಭಾಗ ಮಾತ್ರ. ಮೊಬೈಲ್ ಫೋನುಗಳ ಬ್ಯಾಟರಿಯಲ್ಲಿ ಬಳಕೆಯಾಗುವ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ತೂಕದಲ್ಲಿ ಶೇ 60ರಷ್ಟು ಕೋಬಾಲ್ಟ್ ಇರುತ್ತದೆ. ಸೋಡಿಯಂ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುವುದೇ ಇಲ್ಲ. ಸೀಸ-ಆಮ್ಲ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವಿದ್ದು, ಅದನ್ನು ಕರಗಿಸಿ ಮತ್ತೆ ಬಳಸುವುದು ಸುಲಭ. ಟ್ರ್ಯಾಕ್ಟರ್ ಮತ್ತು ಇನ್ವರ್ಟರಿನ ಹಳೆಯ ಬ್ಯಾಟರಿ ಹಳ್ಳಿಯಲ್ಲೂ ಕಸದ ಗುಂಡಿ ಸೇರದೆ ಗುಜರಿಗೋ ಬ್ಯಾಟರಿ ಅಂಗಡಿಯ ವಿನಿಮಯಕ್ಕೋ ಹೋಗುವುದು ಈ ಬೆಲೆಯಿಂದ. ಕಬ್ಬಿಣ ಮತ್ತು ಫಾಸ್ಫೇಟಿನ ಸೋಡಿಯಂ ಬ್ಯಾಟರಿಯಲ್ಲಿ ಗುಜರಿ ವ್ಯಾಪಾರಿಗೆ ನೇರವಾಗಿ ಬೆಲೆ ತರುವ ಲೋಹ ಅಲ್ಯೂಮಿನಿಯಂ ಒಂದೇ. ವನಾಡಿಯಂ, ನಿಕೆಲ್ ಅಥವಾ ತಾಮ್ರ ಇರುವ ಬಗೆಗಳು ಇದಕ್ಕೆ ಹೊರತು.

ಪೂರ್ವಸಂಸ್ಕರಣೆ

ವಿಂಗಡಣೆ: ಸೋಡಿಯಂ ಮತ್ತು ಲಿಥಿಯಂ ಕೋಶಗಳು ಹೊರನೋಟಕ್ಕೆ ಒಂದೇ ಥರ. ಎರಡೂ ಬೆರೆತರೆ ಕಪ್ಪು ಪುಡಿ ಕಲುಷಿತವಾಗುತ್ತದೆ. ಆದ್ದರಿಂದ ಬ್ಯಾಟರಿಯ ಮೇಲೆ ರಾಸಾಯನಿಕ ಬಗೆಯ ಗುರುತು ಇರುವುದು ಅಗತ್ಯ.

ಚಾರ್ಜ್ ಇಳಿಸುವುದು: ಲಿಥಿಯಂ ಕೋಶವನ್ನು ಸೊನ್ನೆ ವೋಲ್ಟಿಗೆ ಇಳಿಸಿದರೆ ತಾಮ್ರದ ಹಾಳೆ ಕರಗತೊಡಗುತ್ತದೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ಸೋಡಿಯಂ ಕೋಶಕ್ಕೆ ಈ ತೊಂದರೆಯಿಲ್ಲ. ಅದನ್ನು ಸೊನ್ನೆ ವೋಲ್ಟಿಗೆ ಇಳಿಸಿ ಸಾಗಿಸಬಹುದಾದ್ದರಿಂದ ದಾರಿಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಬಹಳ ಕಡಿಮೆಯಾಗುತ್ತದೆ.

ಒಡೆಯುವುದು: ಕೋಶಗಳನ್ನು ಸಾರಜನಕದಂಥ ಜಡ ಅನಿಲದ ನಡುವೆ ಯಂತ್ರದಿಂದ ಚೂರು ಮಾಡುತ್ತಾರೆ. ದ್ರಾವಕಗಳನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ತಣಿಸಿ, ಹಿಡಿದಿಡುತ್ತಾರೆ. ಜರಡಿ, ಅಯಸ್ಕಾಂತ ಮತ್ತು ಗಾಳಿಯ ನೆರವಿನಿಂದ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರೆಯಾಗಿ ಕಪ್ಪು ಪುಡಿ ಉಳಿಯುತ್ತದೆ.

ಹಾಳೆಯಿಂದ ಬಿಡಿಸುವುದು: ನೀರಿನಲ್ಲಿ ಕರಗುವ ಬಂಧಕವಿದ್ದರೆ ನೀರು ಮತ್ತು ಶ್ರವಣಾತೀತ ಕಂಪನ ಸಾಕು. ಪಾಲಿವಿನೈಲಿಡೀನ್ ಫ್ಲೋರೈಡ್ ಇದ್ದರೆ ಅದನ್ನು ದ್ರಾವಕದಲ್ಲಿ ಕರಗಿಸಬೇಕು ಇಲ್ಲವೆ ಶಾಖದಿಂದ ವಿಘಟಿಸಬೇಕು. ರೂಢಿಯಲ್ಲಿರುವ ಎನ್-ಮೀಥೈಲ್ ಪೈರೋಲಿಡೋನ್ ಎಂಬ ದ್ರಾವಕ ಗರ್ಭಸ್ಥ ಶಿಶುವಿಗೆ ಹಾನಿಕರ. ಅದರ ಬದಲು ಸಸ್ಯದ ಸೆಲ್ಯುಲೋಸಿನಿಂದ ತಯಾರಿಸಿದ ಸೈರೀನ್ ಎಂಬ ದ್ರಾವಕವನ್ನು ಪ್ರಯೋಗಾಲಯಗಳಲ್ಲಿ ಬಳಸಿ ನೋಡಲಾಗಿದೆ. ಶಾಖದ ದಾರಿ ಹಿಡಿದರೆ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ಹಾಯಿಸಿ ಕ್ಯಾಲ್ಸಿಯಂ ಫ್ಲೋರೈಡಾಗಿ ಹಿಡಿಯಬೇಕು.

ಮರುಸಂಸ್ಕರಣೆಯ ವಿಧಾನಗಳು

ಅಗ್ನಿ ವಿಧಾನ: ಬ್ಯಾಟರಿಗಳನ್ನು 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕುಲುಮೆಯಲ್ಲಿ ಕರಗಿಸಿ ನಿಕೆಲ್, ಕೋಬಾಲ್ಟ್, ತಾಮ್ರಗಳ ಮಿಶ್ರಲೋಹ ಪಡೆಯುವುದು ಲಿಥಿಯಂ ಬ್ಯಾಟರಿಗಳಲ್ಲಿ ರೂಢಿಯಾದ ವಿಧಾನ. ಇದರಲ್ಲಿ ಅಲ್ಯೂಮಿನಿಯಂ, ಮ್ಯಾಂಗನೀಸ್ ಬಹುಪಾಲು ಕಿಟ್ಟಕ್ಕೆ ಹೋಗುತ್ತವೆ. ಸೋಡಿಯಂ ಕಿಟ್ಟ ಸೇರುತ್ತದೆ ಇಲ್ಲವೆ ಆವಿಯಾಗುತ್ತದೆ, ಕುಲುಮೆಯ ಒಳಗಿನ ಇಟ್ಟಿಗೆಯನ್ನೂ ಸವೆಸುತ್ತದೆ. ಇಂಗಾಲ ಉರಿದು ಹೋಗುತ್ತದೆ. ಸೋಡಿಯಂ ಬ್ಯಾಟರಿಯ ಬಹುಪಾಲು ವಸ್ತು ಹೀಗೆ ನಷ್ಟವಾಗುವುದರಿಂದ ಈ ವಿಧಾನ ಅದಕ್ಕೆ ಹೊಂದುವುದಿಲ್ಲ.

ಜಲ ವಿಧಾನ: ಕಪ್ಪು ಪುಡಿಯನ್ನು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕರಗಿಸಿ, ಕ್ಷಾರ ಸೇರಿಸಿ ಲೋಹಗಳನ್ನು ಒಂದೊಂದಾಗಿ ಪ್ರಕ್ಷೇಪವಾಗಿ ಇಳಿಸುತ್ತಾರೆ. ಗಂಧಕಾಮ್ಲದ ಬದಲು ಸಿಟ್ರಿಕ್, ಆಕ್ಸಾಲಿಕ್, ಆಸ್ಕಾರ್ಬಿಕ್ ಆಮ್ಲಗಳಂಥ ಸಾವಯವ ಆಮ್ಲಗಳನ್ನೂ ಬಳಸಬಹುದು. ಲಿಥಿಯಂ ಬ್ಯಾಟರಿಯಲ್ಲಿ ಕ್ಷಾರದ ಮೂಲಕ ಸೇರುವ ಸೋಡಿಯಂ ಒಂದು ಕಲ್ಮಶ; ಅದನ್ನು ತೊಳೆದು ತೆಗೆಯಬೇಕು. ಸೋಡಿಯಂ ಬ್ಯಾಟರಿಗೆ ಅದು ಬೇಕಾದ ಮೂಲವಸ್ತುವೇ ಆಗಿರುವುದರಿಂದ ಶುದ್ಧೀಕರಣದ ಒಂದು ಹೊರೆ ತಪ್ಪುತ್ತದೆ. ಈ ವಿಧಾನದ ಮುಖ್ಯ ತ್ಯಾಜ್ಯ ಸೋಡಿಯಂ ಸಲ್ಫೇಟ್ ತುಂಬಿದ ನೀರು. ದ್ವಿಧ್ರುವ ಪೊರೆಯ ವಿದ್ಯುತ್ ವಿಶ್ಲೇಷಣೆಯಿಂದ ಇದನ್ನು ಮತ್ತೆ ಆಮ್ಲ ಮತ್ತು ಕ್ಷಾರವಾಗಿ ಒಡೆಯಬಹುದು, ಆದರೆ ಅದಕ್ಕೆ ವಿದ್ಯುತ್ ವೆಚ್ಚವಾಗುತ್ತದೆ.

ನೇರ ವಿಧಾನ: ಧನ ವಿದ್ಯುದ್ವಾರದ ಸ್ಫಟಿಕ ರಚನೆಯನ್ನು ಮುರಿಯದೆ, ಬಳಕೆಯಲ್ಲಿ ಕಳೆದುಹೋದ ಸೋಡಿಯಮ್ಮನ್ನು ಮತ್ತೆ ತುಂಬುವುದು ಈ ವಿಧಾನದ ತಿರುಳು. ಪುಡಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿ ಕಾಯಿಸುವುದು, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒತ್ತಡದೊಂದಿಗೆ ಬೇಯಿಸುವುದು ಇದರ ಎರಡು ಮಾರ್ಗಗಳು. ಬಿಡಿ ಲೋಹಗಳಿಗಿಂತ ತಯಾರಾದ ವಿದ್ಯುದ್ವಾರ ವಸ್ತುವಿಗೆ ಬೆಲೆ ಹೆಚ್ಚು. ಹೀಗಾಗಿ ಅಗ್ಗದ ಲೋಹಗಳ ಬ್ಯಾಟರಿಗೆ ಈ ವಿಧಾನ ಹೆಚ್ಚು ಒಪ್ಪುತ್ತದೆ. ಆದರೆ ಬರುವ ಸರಕೆಲ್ಲ ಒಂದೇ ಬಗೆಯದಾಗಿರಬೇಕು, ಸ್ಫಟಿಕಕ್ಕೆ ಹೆಚ್ಚು ಹಾನಿಯಾಗಿರಬಾರದು. ತಯಾರಿಕಾ ಘಟಕದ ಚೂರುಗಳಿಗೆ ಈ ಎರಡೂ ಷರತ್ತುಗಳು ಸಲ್ಲುತ್ತವೆ.

ಇತರ ವಿಧಾನಗಳು: ಕೋಲೀನ್ ಕ್ಲೋರೈಡನ್ನು ಎಥಿಲೀನ್ ಗ್ಲೈಕಾಲ್ ಅಥವಾ ಆಕ್ಸಾಲಿಕ್ ಆಮ್ಲದೊಂದಿಗೆ ಬೆರೆಸಿದಾಗ ಆಗುವ ಕಡಿಮೆ ಉಷ್ಣದಲ್ಲಿ ಕರಗುವ ದ್ರವಗಳು, ಆಸಿಡಿಥಯೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿಂದ ಲೋಹ ಸೆಳೆಯುವ ಜೈವಿಕ ಕ್ರಮ ಇವು ಲಿಥಿಯಂ ಬ್ಯಾಟರಿಗಳ ಮೇಲೆ ಪ್ರಯೋಗಗೊಂಡಿವೆ.

ವಿದ್ಯುದ್ವಾರದ ಬಗೆಗೆ ತಕ್ಕ ಕ್ರಮ

ಪದರ ಆಕ್ಸೈಡುಗಳು ತೇವ ತಗುಲಿದರೆ ಮೇಲ್ಮೈಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಕಾರ್ಬೊನೇಟ್ ಆಗಿ ಕೆಡುತ್ತವೆ. ನೇರ ವಿಧಾನಕ್ಕೆ ಇದು ತೊಡಕು. ನೀರಿನಿಂದ ತೊಳೆದು ಸೋಡಿಯಮ್ಮನ್ನು ಸೆಳೆಯುವವರಿಗೆ ಇದೇ ಅನುಕೂಲ.

ವನಾಡಿಯಂ ಫಾಸ್ಫೇಟನ್ನು ಆಮ್ಲದಲ್ಲಿ ಕರಗಿಸಿ, ಅಮೋನಿಯಂ ಲವಣ ಸೇರಿಸಿ, ಅಮೋನಿಯಂ ಮೆಟಾವನಡೇಟಾಗಿ ಇಳಿಸುತ್ತಾರೆ. ಅದನ್ನು ಕಾಯಿಸಿದರೆ ವನಾಡಿಯಂ ಪೆಂಟಾಕ್ಸೈಡ್ ಸಿಗುತ್ತದೆ. ಇದರ ಧೂಳು ಶ್ವಾಸಕೋಶಕ್ಕೆ ವಿಷಕಾರಿ.

ಕಬ್ಬಿಣದ ಫಾಸ್ಫೇಟ್ ಬಗೆಯಿಂದ ಕಬ್ಬಿಣದ ಫಾಸ್ಫೇಟನ್ನು ಪ್ರಕ್ಷೇಪವಾಗಿ ಪಡೆದು ಹೊಸ ವಿದ್ಯುದ್ವಾರಕ್ಕೆ ಬಳಸಬಹುದು. ಭಾರತ ತನಗೆ ಬೇಕಾದ ಫಾಸ್ಫೇಟ್ ಶಿಲೆಯನ್ನು ಹೆಚ್ಚಾಗಿ ಆಮದು ಮಾಡಿಕೊಳ್ಳುವುದರಿಂದ ರಂಜಕದ ಉಳಿತಾಯಕ್ಕೆ ಪ್ರತ್ಯೇಕ ಮಹತ್ವವಿದೆ.

ಸೋಡಿಯಂ ಕಬ್ಬಿಣ ಸಲ್ಫೇಟ್ 350 ಡಿಗ್ರಿಯ ಆಸುಪಾಸಿನಲ್ಲಿ ತಯಾರಾಗುವ ವಸ್ತು. ಹೆಚ್ಚಿನ ಶಾಖದಲ್ಲಿ ಅದು ಒಡೆದು ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಆದ್ದರಿಂದ ಇದಕ್ಕೆ ನೀರಿನ ಮಾರ್ಗವೇ ಸೂಕ್ತ.

ಪ್ರಷ್ಯನ್ ನೀಲಿ ವರ್ಗದ ಸಂಯುಕ್ತಗಳು ಸಾಮಾನ್ಯ ಸ್ಥಿತಿಯಲ್ಲಿ ಸ್ಥಿರ. ಆದರೆ ಪ್ರಬಲ ಆಮ್ಲದಲ್ಲಿ ಕಾಯಿಸಿದಾಗ ಅಥವಾ ಬೆಂಕಿಗೆ ಸಿಕ್ಕಾಗ ಹೈಡ್ರೋಜನ್ ಸಯನೈಡಿನಂಥ ವಿಷಾನಿಲಗಳು ಬರಬಹುದು. ಇವುಗಳಿಗೆ ಕ್ಷಾರ ಮಾರ್ಗ ಸುರಕ್ಷಿತ: ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ವರ್ತಿಸಿದಾಗ ಕಬ್ಬಿಣದ ಹೈಡ್ರಾಕ್ಸೈಡ್ ಕೆಳಗಿಳಿದು ಸೋಡಿಯಂ ಫೆರೋಸಯನೈಡ್ ದ್ರಾವಣದಲ್ಲಿ ಉಳಿಯುತ್ತದೆ. ಹೊಸ ಪ್ರಷ್ಯನ್ ನೀಲಿ ತಯಾರಿಕೆಗೆ ಬೇಕಾದ ಕಚ್ಚಾವಸ್ತುವೂ ಅದೇ.

ಹಾರ್ಡ್ ಕಾರ್ಬನ್ ತಯಾರಿಕೆಗೆ 1,000ದಿಂದ 1,500 ಡಿಗ್ರಿ ಶಾಖ ಬೇಕು. ಬಳಸಿದ ಹಾರ್ಡ್ ಕಾರ್ಬನ್ನನ್ನು ನೀರಿನಲ್ಲಿ ತೊಳೆದು ಸೋಡಿಯಂ ಲವಣಗಳನ್ನು ತೆಗೆದು, ಮತ್ತೆ ಕಾಯಿಸಿ ಬಳಸಿದರೆ ಈ ಶಕ್ತಿಯ ಒಂದು ಪಾಲು ಉಳಿಯುತ್ತದೆ. ಶುದ್ಧತೆ ಸಾಲದಿದ್ದರೆ ನೀರಿನ ಕಲ್ಮಶ ಹೀರುವ ಇಂಗಾಲವಾಗಿ ಬಳಸಬಹುದು. ವಿದ್ಯುದ್ವಿಭಾಜ್ಯವನ್ನು ನಿರ್ವಾತ ಬಟ್ಟಿ ಇಳಿಸುವಿಕೆಯಿಂದ, ಇಲ್ಲವೆ 31 ಡಿಗ್ರಿ ಉಷ್ಣತೆ ಮತ್ತು 74 ಬಾರ್ ಒತ್ತಡ ಮೀರಿದ ಕಾರ್ಬನ್ ಡೈಆಕ್ಸೈಡಿನಿಂದ ಸೆಳೆಯಬಹುದು. ಅಲ್ಯೂಮಿನಿಯಮ್ಮನ್ನು ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯ ಲೋಹವನ್ನು ಕರಗಿಸುವುದಕ್ಕೆ ತಗಲುವ ಶಕ್ತಿ ಶೇ 5ರಷ್ಟು ಮಾತ್ರ.

ಪರಿಸರ ಮತ್ತು ಸುರಕ್ಷತೆ

ಸೀಸ, ಕ್ಯಾಡ್ಮಿಯಂ, ಕೋಬಾಲ್ಟ್ ಇಲ್ಲದಿರುವುದರಿಂದ ಸೋಡಿಯಂ ಬ್ಯಾಟರಿಯ ವಿಷತ್ವ ಕಡಿಮೆ. ಆದರೂ ಅದನ್ನು ಹೂಳುವುದು, ಸುಡುವುದು ಸುರಕ್ಷಿತವಲ್ಲ. ಸೋಡಿಯಂ ಹೆಕ್ಸಾಫ್ಲೋರೊಫಾಸ್ಫೇಟ್ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂ. ತಪ್ಪಾಗಿ ಚಾರ್ಜ್ ಮಾಡಿದ ಕೋಶದಲ್ಲಿ ಲೋಹರೂಪದ ಸೋಡಿಯಂ ಕೂತಿದ್ದರೆ ನೀರು ತಾಗಿದಾಗ ಹೈಡ್ರೋಜನ್ ಬಿಡುಗಡೆಯಾಗಿ ಬೆಂಕಿ ಹತ್ತಬಹುದು. ಪೂರ್ಣ ಚಾರ್ಜ್ ಇಳಿಸದೆ ಕೋಶಗಳನ್ನು ಒಡೆಯಬಾರದು ಎನ್ನುವುದು ಇದಕ್ಕೇ.

ಮಣ್ಣಿಗೆ ಸಂಬಂಧಿಸಿದ ಅಪಾಯ ಸೋಡಿಯಂ ಲವಣಗಳದು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಹಿಗ್ಗುವ ಗುಣದ ಜೇಡಿ ಹೆಚ್ಚು. ಇಂಥ ಜೇಡಿಯಲ್ಲಿ ಕ್ಯಾಲ್ಸಿಯಂ ಇದ್ದ ಜಾಗವನ್ನು ಸೋಡಿಯಂ ಹಿಡಿದರೆ ಕಣಗಳು ಚದುರಿ, ನೀರು ಇಂಗುವ ರಂಧ್ರಗಳು ಮುಚ್ಚಿ, ಒಣಗಿದಾಗ ಮಣ್ಣು ಗಟ್ಟಿ ಹೆಪ್ಪಾಗುತ್ತದೆ. ವಿನಿಮಯಯೋಗ್ಯ ಸೋಡಿಯಂ ಶೇ 15 ಮೀರಿದ ಮಣ್ಣನ್ನು ಕ್ಷಾರ ಮಣ್ಣೆಂದು ವರ್ಗೀಕರಿಸುತ್ತಾರೆ. ಜಿಪ್ಸಂ ಹಾಕಿ ಅದನ್ನು ಸುಧಾರಿಸಬೇಕಾಗುತ್ತದೆ. ಜಲ ವಿಧಾನದ ಘಟಕಗಳು ಸೋಡಿಯಂ ಸಲ್ಫೇಟ್ ನೀರನ್ನು ಹೊಲ-ಹಳ್ಳಗಳಿಗೆ ಬಿಡದೆ ಒಳಗೇ ತಿರುಗಿಸಿ ಬಳಸಬೇಕಾದ ಕಾರಣ ಇದು.

ಕಾನೂನು

ಭಾರತದಲ್ಲಿ 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಸಂಬಂಧಿಸಿದ್ದವು. 2022ರ ಆಗಸ್ಟಿನಲ್ಲಿ ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ರಾಸಾಯನಿಕ ಬಗೆ, ಆಕಾರ, ತೂಕ ಯಾವುದೇ ಇರಲಿ, ಎಲ್ಲ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಸೋಡಿಯಂ-ಅಯಾನು ಬ್ಯಾಟರಿಯೂ ಇದರ ವ್ಯಾಪ್ತಿಗೆ ಬರುತ್ತದೆ. ನಿಯಮದ ಪ್ರಕಾರ ತಯಾರಕರು ಮತ್ತು ಆಮದುದಾರರು ವಿಸ್ತೃತ ಉತ್ಪಾದಕ ಹೊಣೆಗಾರಿಕೆ ಹೊತ್ತು, ಮಾರಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಸಂಸ್ಕರಣೆಗೆ ವ್ಯವಸ್ಥೆ ಮಾಡಬೇಕು. ತ್ಯಾಜ್ಯ ಬ್ಯಾಟರಿಗಳನ್ನು ಹೂಳುವುದು ಮತ್ತು ಸುಡುವುದು ನಿಷಿದ್ಧ. ಬಳಕೆದಾರರು ಹಳೆಯ ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸಬಾರದು.

ಮರುಸಂಸ್ಕಾರಕರು ಬ್ಯಾಟರಿಯ ಒಣ ತೂಕದಲ್ಲಿ ಪಡೆಯಬೇಕಾದ ವಸ್ತುವಿನ ಕನಿಷ್ಠ ಪ್ರಮಾಣವನ್ನು ನಿಯಮ ಹೇಳುತ್ತದೆ. ವಿದ್ಯುತ್ ವಾಹನ ಮತ್ತು ಕೈಸಾಗಣೆಯ ಸಣ್ಣ ಬ್ಯಾಟರಿಗಳಿಗೆ ಇದು 2024-25ರಲ್ಲಿ ಶೇ 70, 2025-26ರಲ್ಲಿ ಶೇ 80, 2026-27ರಿಂದ ಶೇ 90. ಕೈಗಾರಿಕಾ ಬ್ಯಾಟರಿಗಳಿಗೆ ಕ್ರಮವಾಗಿ ಶೇ 55, 60, 60. ತೂಕವೇ ಅಳತೆಯಾದ್ದರಿಂದ ಅಲ್ಯೂಮಿನಿಯಂ ಮಾತ್ರ ತೆಗೆದು ಉಳಿದುದನ್ನು ಬಿಟ್ಟರೆ ಈ ಗುರಿ ಮುಟ್ಟುವುದಿಲ್ಲ; ಇಂಗಾಲ ಮತ್ತು ಧನ ವಿದ್ಯುದ್ವಾರದ ವಸ್ತುವನ್ನೂ ಪಡೆಯಲೇಬೇಕಾಗುತ್ತದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನಿನಲ್ಲಿ 2025ರ ಕೊನೆಗೆ ಲಿಥಿಯಂ ಬ್ಯಾಟರಿಗಳಿಗೆ ಶೇ 65, ಸೀಸ-ಆಮ್ಲಕ್ಕೆ ಶೇ 75, ನಿಕೆಲ್-ಕ್ಯಾಡ್ಮಿಯಮ್ಮಿಗೆ ಶೇ 80, ಇತರ ಬ್ಯಾಟರಿಗಳಿಗೆ ಶೇ 50ರ ಗುರಿಯಿದೆ.

ಕರ್ನಾಟಕದಲ್ಲಿ

ಸೋಡಿಯಂ ಬ್ಯಾಟರಿ ವಸ್ತುಗಳ ಸಂಶೋಧನೆಯಲ್ಲಿ ಬೆಂಗಳೂರು ಪ್ರಮುಖ ಕೇಂದ್ರ. 3.8 ವೋಲ್ಟಿನ ಸೋಡಿಯಂ ಕಬ್ಬಿಣ ಸಲ್ಫೇಟ್ ವಿದ್ಯುದ್ವಾರವನ್ನು 2014ರಲ್ಲಿ ಟೋಕಿಯೊದ ಸಹ ಸಂಶೋಧಕರೊಂದಿಗೆ ಪ್ರಕಟಿಸಿದ ಪ್ರಬೀರ್ ಬರ್ಪಂಡಾ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. 2025ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದಾದ ಸೋಡಿಯಂ ಬ್ಯಾಟರಿಯನ್ನು ಪ್ರಕಟಿಸಿತು. ಅದರ ಋಣ ವಿದ್ಯುದ್ವಾರ ವನಾಡಿಯಂ, ಅಲ್ಯೂಮಿನಿಯಂ, ನಯೋಬಿಯಂ ಇರುವ ಫಾಸ್ಫೇಟ್. ಹಾರ್ಡ್ ಕಾರ್ಬನ್ನಿಗೆ ಬಳಸುವ ತೊಳೆಯುವ ಕ್ರಮ ಇದಕ್ಕೆ ಸಾಲದು. ಲೋಹಗಳನ್ನು ಬೇರ್ಪಡಿಸುವ ಜಲ ವಿಧಾನ ಬೇಕಾಗುತ್ತದೆ.

ಮೂಲವಸ್ತುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯಲ್ಲಿವೆ. ಬೆಳಗಾವಿಯಲ್ಲಿ ಅಲ್ಯೂಮಿನಾ ಕಾರ್ಖಾನೆಯಿದೆ. ಹಾರ್ಡ್ ಕಾರ್ಬನ್ನನ್ನು ಶೇಂಗಾ ಸಿಪ್ಪೆ, ಗೋವಿನಜೋಳದ ದಿಂಡು, ಹತ್ತಿಯಂಥ ಕೃಷಿ ವಸ್ತುಗಳಿಂದ ಪ್ರಯೋಗಾಲಯಗಳಲ್ಲಿ ತಯಾರಿಸಲಾಗಿದೆ. ಇವೆಲ್ಲ ಧಾರವಾಡ ಜಿಲ್ಲೆಯಲ್ಲಿ ಬೆಳೆಯುವಂಥವು.

ವಿದ್ಯುನ್ಮಾನ ತ್ಯಾಜ್ಯದ ವೈಜ್ಞಾನಿಕ ಸಂಸ್ಕರಣೆಯಲ್ಲಿ ಬೆಂಗಳೂರು ಬಳಿಯ ದಾಬಸ್‌ಪೇಟೆಯ ಇ-ಪರಿಸರ 2005ರಿಂದ ಕೆಲಸ ಮಾಡುತ್ತಿದ್ದು, ಭಾರತದಲ್ಲಿ ಈ ಬಗೆಯ ಮೊದಲ ಘಟಕವೆಂದು ಹೆಸರಾಗಿದೆ. ರಾಜ್ಯದಲ್ಲಿ ಮರುಸಂಸ್ಕಾರಕರ ನೋಂದಣಿ ಮತ್ತು ಮೇಲ್ವಿಚಾರಣೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಹಳ್ಳಿಗಳಲ್ಲಿ ಸಂಗ್ರಹದ ಸರಪಳಿ ಉದ್ದ: ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನ ಬ್ಯಾಟರಿ ತಾಲ್ಲೂಕು ಕೇಂದ್ರ ಮತ್ತು ಹುಬ್ಬಳ್ಳಿಯನ್ನು ದಾಟಿಯೇ ಮರುಸಂಸ್ಕರಣಾ ಘಟಕ ಸೇರಬೇಕು. ಸೊನ್ನೆ ವೋಲ್ಟಿಗೆ ಇಳಿಸಿ ಸಾಗಿಸುವ ಅನುಕೂಲ ಇಂಥ ದೂರದ ಸಾಗಣೆಯಲ್ಲಿ ಉಪಯುಕ್ತ.

ಸದ್ಯದ ಸ್ಥಿತಿ

ಸೋಡಿಯಂ ಬ್ಯಾಟರಿಗಳ ಮರುಸಂಸ್ಕರಣೆ ಬಹುಪಾಲು ಪ್ರಯೋಗಾಲಯದ ಹಂತದಲ್ಲಿದೆ. ಭಾರತದ ಬ್ಯಾಟರಿ ಮರುಸಂಸ್ಕರಣಾ ಉದ್ಯಮ ಮುಖ್ಯವಾಗಿ ಸೀಸ-ಆಮ್ಲ ಮತ್ತು ಲಿಥಿಯಂ ಬ್ಯಾಟರಿಗಳನ್ನು ಅವಲಂಬಿಸಿದೆ. 2025ರ ಸೆಪ್ಟೆಂಬರ್ 3ರಂದು ಕೇಂದ್ರ ಸಚಿವ ಸಂಪುಟ ನಿರ್ಣಾಯಕ ಖನಿಜಗಳ ಮರುಸಂಸ್ಕರಣೆಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಯನ್ನು ಒಪ್ಪಿತು. ಅದರ ಅವಧಿ 2025-26ರಿಂದ 2030-31. ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ನಿಕೆಲ್, ವನಾಡಿಯಂ, ನಯೋಬಿಯಂ ಇವೆ, ಸೋಡಿಯಂ ಇಲ್ಲ. ಕಬ್ಬಿಣ, ಇಂಗಾಲ ಮತ್ತು ಸೋಡಿಯಂ ಮಾತ್ರ ಇರುವ ಬ್ಯಾಟರಿಗಳನ್ನು ಮರುಸಂಸ್ಕರಣೆಗೆ ತಲುಪಿಸುವ ಕಡ್ಡಾಯ ಹೊಣೆಯನ್ನು ಭಾರತದಲ್ಲಿ ನಿಗದಿಪಡಿಸಿರುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು.